ಮೂರನೇ ಪಿನ್ನಿಗೆ ಹೊಣೆ ಯಾರು?

ತುಮಕೂರು ನಗರ, ಗುಬ್ಬಿ ಮತ್ತು ಕುಣಿಗಲ್ ಕಡೆಯ ಐಟಿಐ, ಡಿಪ್ಲೊಮಾ, ಎಂಜಿನಿಯರಿಂಗ್ ಸಂಸ್ಥೆಗಳ ಪ್ರಾಂಶುಪಾಲರು, ಆಡಳಿತ ಮಂಡಳಿಯವರು ಹಾಗೂ ಖರೀದಿ ಸಮಿತಿಯ ಸದಸ್ಯರಿಗೆ ಬಹಿರಂಗ ಪತ್ರ

ಮಾನ್ಯರೇ,

ಕಳೆದ ಬೇಸಿಗೆಯಲ್ಲಿ ಕುಣಿಗಲ್ ಕಡೆಯ ಒಂದು ಲ್ಯಾಬಿಗೆ ರಿಪೇರಿಗೆಂದು ಹೋಗಿದ್ದೆ. ಕೆಟ್ಟ ಉಪಕರಣಗಳನ್ನೆಲ್ಲ ಮೂಲೆಯಲ್ಲಿ ಪೇರಿಸಿಟ್ಟಿದ್ದರು. ಒಂದೊಂದನ್ನೇ ಬಿಚ್ಚುತ್ತ ಕೂತಿದ್ದಾಗ ಎರಡನೇ ವರ್ಷದ ಹುಡುಗಿಯೊಬ್ಬಳು ಬಂದು, "ಸಾರ್, ನಮ್ಮ ಟೇಬಲ್ಲಿನ ಆರ್‌ಪಿಎಸ್ ಒಂದ್ಸಲ ನೋಡ್ತೀರಾ? ಮುಟ್ಟಿದ್ರೆ ಜುಮ್ ಅಂತದೆ" ಅಂದಳು. ಕೆಟ್ಟಿದೆಯೇನಮ್ಮ ಅಂತ ಕೇಳಿದೆ. "ಇಲ್ಲ ಸಾರ್, ಚೆನ್ನಾಗೇ ಕೆಲಸ ಮಾಡ್ತದೆ. ಜುಮ್ ಅಂತದೆ ಅಷ್ಟೆ. ಚಪ್ಪಲಿ ಹಾಕ್ಕೊಂಡು ಒಂದೇ ಕೈಲಿ ಮುಟ್ಟಿ ಅಂತ ಸೀನಿಯರ್ಸ್ ಹೇಳಿಕೊಟ್ಟಿದ್ದಾರೆ."

ಒಂದು ಲ್ಯಾಬಿನಲ್ಲಿ ವರ್ಷದಿಂದ ವರ್ಷಕ್ಕೆ ಮಕ್ಕಳೇ ಮಕ್ಕಳಿಗೆ ದಾಟಿಸುತ್ತಿರುವ ಸುರಕ್ಷತಾ ಪಾಠ ಇದು. ಅವತ್ತಿನಿಂದ ಈ ಮಾತು ನನ್ನನ್ನು ಬಿಟ್ಟಿಲ್ಲ.

ತುಮಕೂರಿನಲ್ಲಿ ನನ್ನದೊಂದು ಚಿಕ್ಕ ರಿಪೇರಿ ಅಂಗಡಿ. ಇಪ್ಪತ್ತೆರಡು ವರ್ಷದಿಂದ ಕಾಲೇಜು ಲ್ಯಾಬುಗಳ ಉಪಕರಣ ಸರಿಮಾಡಿಕೊಡುವುದೇ ನನ್ನ ಅನ್ನ. ಅದರಲ್ಲಿ ಅತಿ ಹೆಚ್ಚು ಬರುವುದು ಆರ್‌ಪಿಎಸ್, ಅಂದರೆ ರೆಗ್ಯುಲೇಟೆಡ್ ಪವರ್ ಸಪ್ಲೈ. ಎಲೆಕ್ಟ್ರಾನಿಕ್ಸ್ ಓದದವರಿಗಾಗಿ ಎರಡು ಮಾತು: ಗೋಡೆಯ 230 ವೋಲ್ಟ್ ಎಸಿ ಕರೆಂಟನ್ನು ಒಳಗೆ ತೆಗೆದುಕೊಂಡು, ಪ್ರಯೋಗಕ್ಕೆ ಬೇಕಾದಷ್ಟೇ ಡಿಸಿಯನ್ನು ಅಳೆದು ಕೊಡುವ ಪೆಟ್ಟಿಗೆ ಅದು. ನಮ್ಮ ಕಡೆಯ ಲ್ಯಾಬುಗಳಲ್ಲಿ ಸಾಮಾನ್ಯವಾಗಿ ಸೊನ್ನೆಯಿಂದ 30 ವೋಲ್ಟಿನವರೆಗೆ ತಿರುಗಿಸಬಹುದಾದ ಎರಡು ಚಾನೆಲ್, ಜೊತೆಗೆ 5 ವೋಲ್ಟಿನ ಸ್ಥಿರ ಔಟ್‌ಪುಟ್ ಒಂದು ಇರುತ್ತದೆ. ಮುಂದೆ ಕೆಂಪು, ಕಪ್ಪು, ಹಸಿರು ಟರ್ಮಿನಲ್‌ಗಳ ಸಾಲು. ಮೊದಲನೇ ವರ್ಷದ ಹುಡುಗ ತನ್ನ ಜೀವನದಲ್ಲಿ ಮೊದಲು ಕೈಯಿಡುವ ಉಪಕರಣ ಬಹುಪಾಲು ಇದೇ.

ಆ ಹುಡುಗಿಯ ಟೇಬಲ್ಲಿಗೆ ಹೋದೆ. ಆರ್‌ಪಿಎಸ್ ಹೊಸದು, ಸ್ವಿಚಿಂಗ್ ಮಾದರಿಯದು. ಟೆಸ್ಟರ್ ಹಚ್ಚಿದರೆ ಮಂಕಾಗಿ ಉರಿಯಿತು. ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಪೆಟ್ಟಿಗೆಯ ಸ್ಕ್ರೂಗೂ ಇನ್ನೊಂದನ್ನು ಪಕ್ಕದ ಗೋಡೆಯ ಸರಿಯಾದ ಅರ್ಥ್‌ಗೂ ಇಟ್ಟೆ: 108 ವೋಲ್ಟ್. ಉಪಕರಣದ ದೋಷವಲ್ಲ ಇದು. ಇಂಥ ಪೆಟ್ಟಿಗೆಯ ಒಳಗೆ, ಕರೆಂಟು ಬರುವ ಬಾಯಲ್ಲೇ, ಫೇಸಿನಿಂದ ಕವಚಕ್ಕೊಂದು, ನ್ಯೂಟ್ರಲ್‌ನಿಂದ ಕವಚಕ್ಕೊಂದು ಪುಟ್ಟ ಕೆಪಾಸಿಟರ್ ಇರುತ್ತವೆ. ವಿದ್ಯುತ್ ಗದ್ದಲವನ್ನು ನೆಲಕ್ಕೆ ಇಳಿಸುವುದು ಅವುಗಳ ಕೆಲಸ. ನೆಲಕ್ಕೆ ದಾರಿಯೇ ಇಲ್ಲದಿದ್ದರೆ ಕವಚ ಎರಡರ ನಡುವೆ ತೂಗಾಡುತ್ತ, 230ರ ಸುಮಾರು ಅರ್ಧಕ್ಕೆ ನಿಂತುಬಿಡುತ್ತದೆ. ಹರಿಯುವ ಕರೆಂಟು ತೀರಾ ಕಡಿಮೆ, ಹಾಗಾಗಿ ಜುಮ್ ಅನ್ನುವುದಕ್ಕೇ ನಿಲ್ಲುತ್ತದೆ. ಆದರೆ ಆ ಜುಮ್ ಅನ್ನುವುದು ಒಂದು ಸಮಾಚಾರ: ಈ ಪೆಟ್ಟಿಗೆಗೆ ಅರ್ಥ್ ಇಲ್ಲ. ನಾಳೆ ಒಳಗೆ ಫೇಸ್ ತಂತಿ ಸವೆದು ಕವಚಕ್ಕೆ ತಗುಲಿದರೆ ಇದೇ ಪೆಟ್ಟಿಗೆ ಪೂರಾ 230 ವೋಲ್ಟಿನಲ್ಲಿ ನಿಲ್ಲುತ್ತದೆ. ಅರ್ಥ್ ಇದ್ದಿದ್ದರೆ ಆ ಕ್ಷಣವೇ ಫ್ಯೂಸ್ ಹಾರುತ್ತಿತ್ತು ಇಲ್ಲವೇ ಎಂಸಿಬಿ ಬೀಳುತ್ತಿತ್ತು. ಇಲ್ಲದಿದ್ದರೆ ಅದು ಯಾರಾದರೂ ಮುಟ್ಟಲಿ ಅಂತ ಕಾಯುತ್ತ ಕೂರುತ್ತದೆ.

ಮೇನ್ ಆಫ್ ಮಾಡಿಸಿ ಸ್ವಿಚ್ ಬೋರ್ಡ್ ಬಿಚ್ಚಿದೆ. ತ್ರೀ ಪಿನ್ ಸಾಕೆಟ್ಟಿನ ಮೇಲಿನ ದೊಡ್ಡ ತೂತಿನ ಹಿಂದೆ ಸ್ಕ್ರೂ ಇತ್ತು, ಸ್ಕ್ರೂನಲ್ಲಿ ತಂತಿ ಇರಲಿಲ್ಲ. ಹಸಿರು ತಂತಿ ಪೈಪಿನಿಂದ ಒಂದು ಗೇಣು ಹೊರಗೆ ಬಂದು, ತುದಿ ಕತ್ತರಿಸಿಕೊಂಡು, ಹಿಂದಕ್ಕೆ ಮಡಚಿಕೊಂಡಿತ್ತು. ಅದರ ಮೇಲೆ ಜೇಡರ ಬಲೆ. ವೈರಿಂಗ್ ಮಾಡಿದವನು ತಂತಿ ತಂದಿದ್ದಾನೆ, ಎಳೆದಿದ್ದಾನೆ, ಕೊನೆಯ ಅರ್ಧ ನಿಮಿಷದ ಕೆಲಸ ಬಿಟ್ಟಿದ್ದಾನೆ. ಬಿಲ್ ಪಾಸ್ ಮಾಡಿದವರು ಸಾಕೆಟ್ಟಿನಲ್ಲಿ ಮೂರು ತೂತು ಎಣಿಸಿದ್ದಾರೆ.

ಐದನೇ, ಆರನೇ ಟೇಬಲ್ಲು ಇನ್ನೂ ಕೆಟ್ಟದಾಗಿದ್ದವು. ಅಲ್ಲಿ ಜುಮ್ ಅನ್ನುತ್ತಿರಲಿಲ್ಲ. ಯಾಕೆಂದರೆ ಯಾರೋ ಅರ್ಥ್ ಸ್ಕ್ರೂಗೂ ನ್ಯೂಟ್ರಲ್ ಸ್ಕ್ರೂಗೂ ಒಂದು ತುಂಡು ತಂತಿ ಲಿಂಕ್ ಹಾಕಿದ್ದರು. ನಮ್ಮ ಕಡೆ ಇದು ಮನೆಮನೆಯ ಉಪಾಯ. ಟೆಸ್ಟರ್ ಉರಿಯುವುದಿಲ್ಲ, ದೂರೂ ಬರುವುದಿಲ್ಲ. ಆದರೆ ಎಲ್ಲಾದರೂ ಒಂದು ಕಡೆ ನ್ಯೂಟ್ರಲ್ ಸಡಿಲವಾದ ದಿನ, ಉಪಕರಣದೊಳಗೆ ಹಾದುಬಂದ ಕರೆಂಟಿಗೆ ಹಿಂದಿರುಗಲು ದಾರಿಯಿಲ್ಲದೆ ಆ ಲಿಂಕಿನ ಮೂಲಕ ನೇರ ಕವಚಕ್ಕೆ ಬರುತ್ತದೆ. ಒಂದಲ್ಲ, ಆ ಸಾಲಿನಲ್ಲಿ ಹಾಗೆ ಲಿಂಕ್ ಹಾಕಿದ ಎಲ್ಲ ಪೆಟ್ಟಿಗೆಗಳಿಗೂ. ನ್ಯೂಟ್ರಲ್ ಸಡಿಲವಾಗುವುದು ಅಪರೂಪದ ಸಂಗತಿಯೇ? ಗಾಳಿಮಳೆಗೆ ಟಿವಿ, ಫ್ರಿಜ್ಜು ಸುಟ್ಟ ಮನೆಯವರನ್ನು ಕೇಳಿ.

ಎರಡೂ ಲಿಂಕ್ ಕಿತ್ತುಹಾಕಿ, "ಅರ್ಥ್ ಹಾಕಿಸುವವರೆಗೆ ಬಳಸಬೇಡಿ" ಅಂತ ಬರೆದು ಅಂಟಿಸಿದೆ. ಆ ಹುಡುಗಿಯ ಟೇಬಲ್ಲು ನಾಲ್ಕನೆಯದು. ಅದಕ್ಕೆ ಹಸಿರು ತಂತಿ ಕೂಡಿಸಿ, ಮೀಟರಿನಲ್ಲಿ ನೋಡಿ, ಅವಳ ಕೈಯಲ್ಲೇ ಮುಟ್ಟಿಸಿ ತೋರಿಸಿದೆ. ಲ್ಯಾಬಿನ ಎಲ್ಲ ಟೇಬಲ್ಲಿಗೂ ಹೊಸದಾಗಿ ಅರ್ಥ್ ತಂತಿ ಎಳೆದು, ಕರೆಂಟು ನೆಲಕ್ಕೆ ಸೋರಿದರೆ ತಾನೇ ಬೀಳುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಒಂದು ಹಾಕಲು ಅಂದಾಜು ಪಟ್ಟಿಯನ್ನೂ ಬರೆದುಕೊಟ್ಟೆ. ಒಂದು ಒಳ್ಳೆಯ ಆರ್‌ಪಿಎಸ್ ಕೊಳ್ಳುವ ಹಣಕ್ಕಿಂತ ಕಡಿಮೆ ಆಗುತ್ತಿತ್ತು. "ಇದು ಸಿವಿಲ್‌ನವರಿಗೆ ಬರುತ್ತೆ, ನಮ್ಮ ಹೆಡ್‌ನಲ್ಲಿ ಬರಲ್ಲ" ಅಂದರು ಲ್ಯಾಬಿನವರು. ಉಪಕರಣಕ್ಕೆ ಅನುದಾನ ಇದೆ, ಅದು ನಿಲ್ಲುವ ನೆಲಕ್ಕೆ ಇಲ್ಲ. ನನ್ನ ದೂರಿನ ತಿರುಳು ಇದೇ, ಮಾನ್ಯರೇ.

ಗುಬ್ಬಿ ಕಡೆಯ ಒಂದು ಬಾಡಿಗೆ ಕಟ್ಟಡದ ತರಬೇತಿ ಕೇಂದ್ರದಿಂದ ಬಂದ ಆರ್‌ಪಿಎಸ್‌ನ ಕಥೆಯನ್ನೂ ಹೇಳಬೇಕು. ಅದನ್ನು ಸುಟ್ಟರು ಅಂತ ಮೂರು ಹುಡುಗರಿಂದ ಬ್ರೇಕೇಜ್ ಹಣ ವಸೂಲಿ ಮಾಡಿದ್ದರು. ಅವರಲ್ಲಿ ಒಬ್ಬನೇ ಪೆಟ್ಟಿಗೆಯನ್ನು ಬೈಕಿನ ಮೇಲೆ ಹೊತ್ತುಕೊಂಡು ನನ್ನ ಅಂಗಡಿಗೆ ಬಂದಿದ್ದ. ಅವನು ಹೇಳಿದ್ದಿಷ್ಟು: ಪ್ರಯೋಗಕ್ಕೆ 40 ವೋಲ್ಟ್ ಬೇಕಿತ್ತು. ಎರಡು ಚಾನೆಲ್ಲನ್ನು ಸೀರೀಸಿನಲ್ಲಿ ಜೋಡಿಸಿದರು, ಪುಸ್ತಕದಲ್ಲಿದ್ದಂತೆಯೇ ಮೊದಲನೆಯದರ ಕಪ್ಪನ್ನು ಎರಡನೆಯದರ ಕೆಂಪಿಗೆ. ವೋಲ್ಟೇಜ್ ಏರಲಿಲ್ಲ. ನಾಬ್ ಪೂರ್ತಿ ತಿರುಗಿಸಿ ಕಾದರು. ಆಮೇಲೆ ಸುಟ್ಟ ವಾಸನೆ.

ಮುಂಭಾಗ ನೋಡಿದ ಕೂಡಲೇ ಗೊತ್ತಾಯಿತು. ಎರಡೂ ಚಾನೆಲ್ಲಿನ ಕಪ್ಪು ಟರ್ಮಿನಲ್ಲಿಗೂ ಪಕ್ಕದ ಹಸಿರಿಗೂ ಪುಟ್ಟ ಹಿತ್ತಾಳೆ ಪಟ್ಟಿ ಬಿಗಿದಿತ್ತು. ಹಿಂದಿನ ಬ್ಯಾಚಿನವರೋ, ಯಾವತ್ತೋ ಹಾಕಿದ್ದು. ಹಸಿರು ಎರಡೂ ಒಳಗೆ ಒಂದೇ, ಕವಚಕ್ಕೆ ಸೇರಿದ್ದು. ಹಾಗಾಗಿ ಹುಡುಗರು ಮೊದಲನೆಯ ಕಪ್ಪನ್ನು ಎರಡನೆಯ ಕೆಂಪಿಗೆ ಕೊಟ್ಟ ಕ್ಷಣವೇ, ಆ ಪಟ್ಟಿಗಳ ಮೂಲಕ ಎರಡನೇ ಚಾನೆಲ್ಲಿನ ಕೆಂಪೂ ಕಪ್ಪೂ ಒಂದಕ್ಕೊಂದು ಶಾರ್ಟ್ ಆಗಿಬಿಟ್ಟವು. ಕರೆಂಟ್ ನಾಬ್ ಕೊನೆಯವರೆಗೆ ತಿರುಗಿಸಿದ್ದರಿಂದ 2 ಆಂಪಿಯರ್ ಹರಿಯಿತು. ಒಳಗಿನ ಸುಮಾರು 40 ವೋಲ್ಟೂ ಔಟ್‌ಪುಟ್ ಟ್ರಾನ್ಸಿಸ್ಟರಿನ ಮೇಲೇ ಬಿತ್ತು. ನಲವತ್ತನ್ನು ಎರಡರಿಂದ ಗುಣಿಸಿ: 80 ವ್ಯಾಟ್. 25 ವ್ಯಾಟಿನ ಮೂರು ಸೋಲ್ಡರಿಂಗ್ ಐರನ್‌ನಷ್ಟು ಬಿಸಿ, ಹೆಬ್ಬೆರಳಗಲದ ಒಂದು ಲೋಹದ ಬಿಲ್ಲೆಯಲ್ಲಿ. ಹಿಂದಿನ ಹೀಟ್‌ಸಿಂಕನ್ನು ಗೋಡೆಗೆ ಒತ್ತಿ ಇಟ್ಟಿದ್ದರಂತೆ, ಗಾಳಿಯಾಡಲು ಜಾಗವಿರಲಿಲ್ಲ. ಟ್ರಾನ್ಸಿಸ್ಟರ್ ಸತ್ತಿತು. ಆಗಲಾದರೂ ಹಿಂಬದಿಯ ಗಾಜಿನ ಫ್ಯೂಸ್ ಹೋಗಿ ಉಳಿದದ್ದನ್ನು ಕಾಪಾಡಬೇಕಿತ್ತು. ಫ್ಯೂಸ್ ಹೋಲ್ಡರ್ ಬಿಚ್ಚಿದೆ. ಗಾಜಿನ ಕೊಳವೆಗೆ ಮೇಲಿನಿಂದ ತಾಮ್ರದ ಎಳೆ ಸುತ್ತಿದ್ದರು. ಟ್ರಾನ್ಸ್‌ಫಾರ್ಮರೂ ಸುಟ್ಟಿತ್ತು.

ಆ ಮೂವರು ಹುಡುಗರ ತಪ್ಪು ಇದರಲ್ಲಿ ಎಷ್ಟು? ಪಟ್ಟಿ ಅವರು ಹಾಕಿದ್ದಲ್ಲ. ಎಳೆ ಅವರು ಸುತ್ತಿದ್ದಲ್ಲ. ವೋಲ್ಟೇಜ್ ಏರದೆ "ಸಿಸಿ" ಅನ್ನುವ ಪುಟ್ಟ ಕೆಂಪು ದೀಪ ಹತ್ತಿಕೊಂಡಿತ್ತು ಅಂತ ಬೈಕಿನಲ್ಲಿ ಬಂದ ಹುಡುಗನೇ ನೆನಪು ಮಾಡಿಕೊಂಡು ಹೇಳಿದ. ಅದು "ನಾನು ಕರೆಂಟಿನ ಮಿತಿಗೆ ಬಂದಿದ್ದೇನೆ, ಎಲ್ಲೋ ಶಾರ್ಟ್ ಆಗಿದೆ" ಅಂತ ಪೆಟ್ಟಿಗೆ ಕೂಗಿ ಹೇಳುವ ದೀಪ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಮ್ಯಾನುಯಲ್ ಎಲ್ಲಿದೆ ಅಂದೆ. ಬೀರುವಿನಲ್ಲಿದೆಯಂತೆ, ಬೀಗದ ಕೈ ಸ್ಟಾಕ್ ನೋಡುವವರ ಹತ್ತಿರ. ಇದ್ದರೂ ಇಂಗ್ಲಿಷಿನಲ್ಲಿದೆ. ಹತ್ತನೇ ತರಗತಿಯವರೆಗೆ ಕನ್ನಡದಲ್ಲೇ ಓದಿ ಬಂದ ಹುಡುಗ ಅವನು, ಸೂಕ್ಷ್ಮಮತಿ. ನಾನು ಹಾಳೆಯ ಮೇಲೆ ನಾಲ್ಕು ಗೆರೆ ಎಳೆದು ತೋರಿಸುವಷ್ಟರಲ್ಲಿ ಶಾರ್ಟ್ ಎಲ್ಲಾಯಿತೆಂದು ಅವನೇ ಬೆರಳಿಟ್ಟ. ವಸೂಲಿ ಮಾಡಿದ ಹಣವನ್ನು ಆ ಮಕ್ಕಳಿಗೆ ಹಿಂದಿರುಗಿಸಬೇಕು. ಈ ಪತ್ರ ಆ ಕೇಂದ್ರಕ್ಕೆ ತಲುಪಿದರೆ ಯಾರ ಬಗೆಗಿನ ಮಾತು ಇದು ಎಂದು ಅಲ್ಲಿನವರಿಗೆ ತಿಳಿಯುತ್ತದೆ.

ಇದನ್ನೆಲ್ಲ ಮಕ್ಕಳಿಗೆ ಕಲಿಸಲು ಒಂದೇ ಒಂದು ಗಂಟೆ ಸಾಕು. ಮೊದಲ ಸೆಮಿಸ್ಟರಿನ ಮೊದಲ ಪ್ರಾಕ್ಟಿಕಲ್ಲಿನಲ್ಲಿ ಡಯೋಡ್ ಬೇಡ, ಟ್ರಾನ್ಸಿಸ್ಟರ್ ಬೇಡ, ಬರೀ ಆರ್‌ಪಿಎಸ್ ಕೊಡಿ. ಪ್ಲಗ್ ನೋಡುವುದರಿಂದಲೇ ಶುರುವಾಗಲಿ. ಮೂರು ಪಿನ್ನಿನಲ್ಲಿ ಅರ್ಥ್ ಪಿನ್ ಯಾಕೆ ಉದ್ದ? ಒಳಗೆ ಹೋಗುವಾಗ ಅದು ಮೊದಲು ತಾಗಬೇಕು, ಹೊರಗೆ ಬರುವಾಗ ಕೊನೆಗೆ ಬಿಡಬೇಕು ಅಂತ. ಹದಿನಾರು ವರ್ಷದ ಮಗು ಇದನ್ನೊಂದು ಸಲ ಕೇಳಿದರೆ ಮತ್ತೆ ಟೂ ಪಿನ್ ಅಡಾಪ್ಟರ್ ಹಾಕಲು ಕೈ ಮುಂದೆ ಮಾಡುವುದಿಲ್ಲ.

ಆಮೇಲೆ ಮುಂಭಾಗ. ಕೆಂಪು ಪ್ಲಸ್, ಕಪ್ಪು ಮೈನಸ್, ಹಸಿರು ಇವೆರಡೂ ಅಲ್ಲ, ಅದು ನೆಲ. ಕಪ್ಪು ಮತ್ತು ಹಸಿರು ಒಂದೇ ಅಲ್ಲ ಅನ್ನುವುದನ್ನು ಮನಸ್ಸಿಗೆ ಇಳಿಸಲು ಅರ್ಧ ಗಂಟೆ ಹೋದರೂ ಚಿಂತೆಯಿಲ್ಲ. ಒಳ್ಳೆಯ ಆರ್‌ಪಿಎಸ್‌ನ ಚಾನೆಲ್ ಎಂದರೆ ಒಂಟಿ ಬ್ಯಾಟರಿ ಇದ್ದ ಹಾಗೆ, ನೆಲಕ್ಕೆ ಅಂಟಿಕೊಂಡಿರುವುದಿಲ್ಲ. ನಾವು ಪಟ್ಟಿ ಹಾಕಿದರೆ ಮಾತ್ರ ಅಂಟುತ್ತದೆ. ಟೇಬಲ್ಲಿಗೆ ಕೂತ ಕೂಡಲೇ ಹಳೆಯ ಪಟ್ಟಿ ಇದೆಯೇ ಎಂದು ನೋಡುವುದು ಅಭ್ಯಾಸವಾಗಬೇಕು. 5 ವೋಲ್ಟಿನ ಔಟ್‌ಪುಟ್ಟಿನ ಕಪ್ಪು ಕೆಲವು ಮಾದರಿಗಳಲ್ಲಿ ಒಳಗೇ ಇನ್ನೊಂದು ಚಾನೆಲ್ಲಿನ ಕಪ್ಪಿಗೆ ಸೇರಿರುತ್ತದೆ, ಕೆಲವದರಲ್ಲಿ ಇಲ್ಲ. ಉಪಕರಣ ಆಫ್ ಇರುವಾಗ, ಸರ್ಕ್ಯೂಟ್ ಜೋಡಿಸುವ ಮುಂಚೆ, ಮಲ್ಟಿಮೀಟರಿನ ಬೀಪ್ ಇಟ್ಟು ಎರಡು ಕಪ್ಪಿನ ನಡುವೆ ನೋಡಿದರೆ ಸಾಕು.

ಜೋಡಿಸುವ ಕ್ರಮ ಅಡುಗೆಮನೆಯ ಕೆಲಸದಷ್ಟು ಸರಳ. ನಾಬ್‌ಗಳನ್ನೆಲ್ಲ ಸೊನ್ನೆಗೆ ತಂದು ಆನ್ ಮಾಡಬೇಕು. ಕರೆಂಟ್ ನಾಬನ್ನು ತುಸು ತಿರುಗಿಸಿ, ಸರ್ಕ್ಯೂಟ್ ಇಲ್ಲದೆಯೇ ಬೇಕಾದ ವೋಲ್ಟೇಜ್ ಇಟ್ಟು ಮಲ್ಟಿಮೀಟರಿನಲ್ಲಿ ತಾಳೆ ನೋಡಬೇಕು, ಡಬ್ಬಿಯ ಮೇಲಿನ ಅಂಕಿಯನ್ನೊಂದೇ ನಂಬಿ ಕೂರಬಾರದು. ಆಮೇಲೆ ಕರೆಂಟಿನ ಮಿತಿ. ನಮ್ಮ ಮಕ್ಕಳಲ್ಲಿ ಹತ್ತಕ್ಕೆ ಒಂಬತ್ತು ಜನಕ್ಕೆ ಆ ನಾಬ್ ಯಾಕಿದೆ ಅಂತಲೇ ಗೊತ್ತಿಲ್ಲ, ಕೊನೆಗೆ ತಿರುಗಿಸಿ ಬಿಟ್ಟಿರುತ್ತಾರೆ. ವೋಲ್ಟೇಜ್ ಒಂದೆರಡಕ್ಕೆ ಇಳಿಸಿ, ಕರೆಂಟ್ ನಾಬ್ ಸೊನ್ನೆಗೆ ತಂದು, ಕೆಂಪು ಕಪ್ಪನ್ನು ಒಂದು ಪ್ಯಾಚ್ ಕಾರ್ಡಿನಿಂದ ಸೇರಿಸಿ, ಮೀಟರಿನಲ್ಲಿ 100 ಮಿಲಿಆಂಪಿಯರ್ ತೋರುವವರೆಗೆ ಏರಿಸಿ, ಕಾರ್ಡ್ ತೆಗೆಯಬೇಕು. ಬ್ರೆಡ್‌ಬೋರ್ಡಿನ ಸಣ್ಣ ಪ್ರಯೋಗಗಳಿಗೆ ಇಷ್ಟು ಧಾರಾಳ. ಈಗ ವೋಲ್ಟೇಜನ್ನು ಮತ್ತೆ ಬೇಕಾದಲ್ಲಿಗೆ ತಂದು, ಆಫ್ ಮಾಡಿ, ಸರ್ಕ್ಯೂಟ್ ಜೋಡಿಸಿ, ಆನ್ ಮಾಡಲಿ. ತಪ್ಪು ಮಾಡಿದರೂ ಐಸಿ ಬೆಚ್ಚಗಾಗುವುದಕ್ಕೆ ನಿಲ್ಲಬಹುದು, ಬೆಂಕಿಯವರೆಗೆ ಹೋಗುವುದಿಲ್ಲ. ಮಕ್ಕಳಿಗೆ ತಪ್ಪು ಮಾಡಲು ಅವಕಾಶ ಕೊಡುವ ನಾಬ್ ಅದು. ಲ್ಯಾಬು ಇರುವುದೇ ಅದಕ್ಕಲ್ಲವೇ?

741 ಆಪ್-ಆಂಪಿನ ಪ್ರಯೋಗ ಬಂದಾಗ ಎಲ್ಲ ಕಡೆ ಒಂದೇ ಎಡವಟ್ಟು. ಅದಕ್ಕೆ ಪ್ಲಸ್ 15, ಮೈನಸ್ 15 ಎರಡೂ ಬೇಕು. ಹುಡುಗರು ಎರಡು ಚಾನೆಲ್ಲಿನ ಕಪ್ಪನ್ನೂ ಒಟ್ಟಿಗೆ ಗ್ರೌಂಡಿಗೆ ಹಾಕಿ, ಎರಡು ಕೆಂಪನ್ನು ಐಸಿಗೆ ಕೊಡುತ್ತಾರೆ. ಎರಡೂ ಪ್ಲಸ್ 15 ಆಗುತ್ತದೆ, ಐಸಿ ಸುಮ್ಮನೆ ಕೂರುತ್ತದೆ, "ಐಸಿ ಹೋಗಿದೆ ಸಾರ್" ಅಂತ ಇನ್ನೊಂದು ಇಂಡೆಂಟ್. ಒಂದರ ಕಪ್ಪನ್ನೂ ಇನ್ನೊಂದರ ಕೆಂಪನ್ನೂ ಸೇರಿಸಿದ ನಡುವಿನ ಗಂಟೇ ಗ್ರೌಂಡು. ಮೇಲಿನ ಕೆಂಪು 7ನೇ ಪಿನ್ನಿಗೆ, ಕೆಳಗಿನ ಕಪ್ಪು 4ನೇ ಪಿನ್ನಿಗೆ. ಎರಡು ಬ್ಯಾಟರಿ ಸೆಲ್ ಮೇಜಿನ ಮೇಲಿಟ್ಟು ತೋರಿಸಿದರೆ ಎರಡು ನಿಮಿಷದ ಪಾಠ.

ಇದಕ್ಕಿಂತ ಗಂಭೀರವಾದ ವಿಷಯ ಆಸಿಲೋಸ್ಕೋಪಿನದು, ಅಂದರೆ ಸಿಆರ್‌ಒದ್ದು. ಅದರ ಪ್ರೋಬಿನ ಮೊಸಳೆ ಕ್ಲಿಪ್ಪು ಉಪಕರಣದೊಳಗೆ ಸೀದಾ ಅರ್ಥ್ ಪಿನ್ನಿಗೆ ಸೇರಿರುತ್ತದೆ. ಆರ್‌ಪಿಎಸ್‌ನ ಕಪ್ಪನ್ನು ಪಟ್ಟಿ ಹಾಕಿ ನೆಲಕ್ಕೆ ಬಿಗಿದು, ಸಿಆರ್‌ಒ ಕ್ಲಿಪ್ಪನ್ನು ಸರ್ಕ್ಯೂಟಿನ ಮಧ್ಯೆ ಎಲ್ಲೋ ಹಾಕಿದರೆ ಆ ಎರಡು ಜಾಗ ಅರ್ಥ್ ತಂತಿಯ ಮೂಲಕ ಶಾರ್ಟ್. ಕಿಡಿ ಹಾರುತ್ತದೆ. ಇದಕ್ಕೆ ತುಮಕೂರು ನಗರದ ಒಂದು ಲ್ಯಾಬಿನವರು ಕಂಡುಕೊಂಡ ಪರಿಹಾರ ನೋಡಿ ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು. ಆರು ಸಿಆರ್‌ಒಗಳ ಪ್ಲಗ್ಗಿನ ಅರ್ಥ್ ಪಿನ್ನನ್ನು ಹ್ಯಾಕ್‌ಸಾ ಬ್ಲೇಡಿನಿಂದ ಕೊಯ್ದು ಹಾಕಿದ್ದರು. ಬುಡದ ಹಿತ್ತಾಳೆ ಇನ್ನೂ ಹೊಳೆಯುತ್ತಿತ್ತು. ಈಗ ಕಿಡಿ ಹಾರುವುದಿಲ್ಲ, ನಿಜ. ಆದರೆ ಮಗು ಕ್ಲಿಪ್ಪನ್ನು ಯಾವ ವೋಲ್ಟೇಜಿಗೆ ಹಾಕುತ್ತದೋ ಸಿಆರ್‌ಒದ ಇಡೀ ಲೋಹದ ಮೈಯೂ ಆ ವೋಲ್ಟೇಜಿಗೆ ಏರುತ್ತದೆ. ಥೈರಿಸ್ಟರ್ ಪ್ರಯೋಗದಲ್ಲಿ ಅದು ಮೇನ್ಸ್ ವೋಲ್ಟೇಜೇ ಆಗಿರಬಹುದು. ಮಾಡಬೇಕಾದದ್ದು ಇಷ್ಟೇ ಇತ್ತು: ಆರ್‌ಪಿಎಸ್‌ನ ಪಟ್ಟಿ ಬಿಚ್ಚಿಡಿ, ಸಿಆರ್‌ಒ ಕ್ಲಿಪ್ಪನ್ನು ಸರ್ಕ್ಯೂಟಿನ ಗ್ರೌಂಡಿಗೆ ಮಾತ್ರ ಹಾಕಿ, ಬೇರೆ ಎರಡು ಬಿಂದುಗಳ ನಡುವೆ ನೋಡಬೇಕಾದರೆ ಎರಡು ಪ್ರೋಬ್ ಬಳಸಿ ವ್ಯತ್ಯಾಸ ತೆಗೆಯಿರಿ. ಮೇನ್ಸಿಗೆ ನೇರ ಸೇರಿದ ಸರ್ಕ್ಯೂಟಿಗೆ ಡಿಫರೆನ್ಷಿಯಲ್ ಪ್ರೋಬ್ ತರಿಸಿಕೊಡಿ.

ಅದೇ ಕಟ್ಟಡದ ಅರ್ಥ್ ಪಿಟ್ ಹುಡುಕಿಕೊಂಡು ಹಿಂದಕ್ಕೆ ಹೋದೆ. ವಾಚ್‌ಮನ್ ಒಬ್ಬರು ನೆನಪಿಟ್ಟುಕೊಂಡು ತೋರಿಸಿದರು, "ಇಲ್ಲೇ ಎಲ್ಲೋ ಇತ್ತು ಸ್ವಾಮಿ, ಮುಂಚೆ ಬೇಸಿಗೇಲಿ ದಿನಾ ಒಂದು ಬಿಂದಿಗೆ ನೀರು ಹುಯ್ತಿದ್ದೆ". ಅದರ ಮೇಲೆ ಈಗ ಬೈಕ್ ನಿಲ್ಲಿಸುವ ಸಿಮೆಂಟು ಹಾಸು. ನಮ್ಮದು ಕೆಮ್ಮಣ್ಣು, ಬಂಡೆಯ ಸೀಮೆ. ಇಲ್ಲಿ ನೆಲ ಒಣಗಿದರೆ ಅರ್ಥ್ ಪಿಟ್ ಇದ್ದೂ ಇಲ್ಲದಂತೆ. ಇದ್ದಿಲು, ಉಪ್ಪು, ನೀರು ಕಾಲಕಾಲಕ್ಕೆ ಬೀಳಲೇಬೇಕು. ಒಣ ಹವೆಯ ಕಾಲದಲ್ಲಿ, ಒಣ ದಿನವೇ ಅರ್ಥ್ ಅಳೆಯಬೇಕೆಂಬುದು ದೇಶದ ವಿದ್ಯುತ್ ನಿಯಮಗಳಲ್ಲಿ ಹಿಂದಿನಿಂದ ಬಂದ ಮಾತು, ಅರ್ಥಿಂಗಿಗೆಂದೇ ಐಎಸ್ 3043 ಎಂಬ ಸಂಹಿತೆ ಇದೆ. ನಾನು ಕಂಡ ಲ್ಯಾಬುಗಳ ಬಾಗಿಲಲ್ಲಿ ವಾರ್ಷಿಕೋತ್ಸವದ ಫೋಟೊ ಇದೆ, ದಾನಿಗಳ ಹೆಸರಿದೆ, ಅರ್ಥ್ ಎಷ್ಟು ಓಮ್ ಬಂತು, ಯಾವ ದಿನ ಅಳೆದರು ಎಂಬ ಒಂದು ಸಾಲು ಎಲ್ಲೂ ಇಲ್ಲ.

ನಮ್ಮ ಜಿಲ್ಲೆಗೆ ಈಗ ಎಂಥ ಕೆಲಸಗಳು ಬಂದಿವೆ ನೋಡಿ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 615 ಎಕರೆಯಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿ 6ರಂದು ಉದ್ಘಾಟನೆಯಾಯಿತು. ನಮ್ಮ ತಂದೆ ತಾಯಂದಿರ ಕಾಲದ ಎಚ್‌ಎಂಟಿ ಗಡಿಯಾರ ಕಾರ್ಖಾನೆ ಮುಚ್ಚಿದ ಜಾಗಕ್ಕೆ ಇಸ್ರೋ ಬಂದಿದೆ. ವಸಂತನರಸಾಪುರದಲ್ಲಿ ಶೆಡ್ಡಿನ ಮೇಲೆ ಶೆಡ್ಡು ಏಳುತ್ತಿದೆ. ಅಲ್ಲಿಗೆ ಸೇರುವ ಕನಸು ಹೊತ್ತು ಹೆಬ್ಬೂರಿನಿಂದ, ನಿಟ್ಟೂರಿನಿಂದ, ಎಡೆಯೂರಿನಿಂದ ಬೆಳಗಿನ ಬಸ್ಸಿನಲ್ಲಿ ನಿಂತುಕೊಂಡು ಬರುವ ಮಕ್ಕಳು ಇವರು. ಗ್ರೌಂಡ್ ಅಂದರೇನು ಅಂತ ತಿಳಿಯದವರನ್ನು ಅಲ್ಲಿ ಯಾರು ತೆಗೆದುಕೊಳ್ಳುತ್ತಾರೆ? ಉಪಕರಣ ಮುಟ್ಟಿದರೆ ಕರೆಂಟು ಹೊಡೆಯುತ್ತದೆ, ಅದು ಸಹಜ, ಚಪ್ಪಲಿ ಹಾಕಿಕೊಳ್ಳಬೇಕು ಅಂತ ಕಲಿತುಕೊಂಡು ಹೋದವರು ಮುಂದೆ ತಾವೇ ಸೂಪರ್‌ವೈಸರ್ ಆದಾಗ ಕೈಕೆಳಗಿನವರಿಗೆ ಏನು ಹೇಳಿಕೊಡುತ್ತಾರೆ?

ಖರೀದಿ ಸಮಿತಿಯವರಲ್ಲಿ ನನ್ನ ವಿನಂತಿ: ಮೂರು ಕೊಟೇಶನ್ ತರಿಸುವಾಗ ವೋಲ್ಟು, ಆಂಪಿಯರು, ಕಡಿಮೆ ಬೆಲೆ ಇಷ್ಟನ್ನೇ ನೋಡಬೇಡಿ. ಐಎಸ್‌ಐ ಗುರುತಿನ ಮೂರು ಪಿನ್ನಿನ ಕಾರ್ಡು, ಹತ್ತಾದರೂ ಬದಲಿ ಫ್ಯೂಸು, ಬಣ್ಣ ಸರಿಯಿರುವ ಪ್ಯಾಚ್ ಕಾರ್ಡು, ಇವನ್ನು ಅದೇ ಆರ್ಡರಿನಲ್ಲಿ ಸೇರಿಸಿ. ಮಾರಿದವರು ಬಂದು ಪ್ರತಿ ಟೇಬಲ್ಲಿನ ಅರ್ಥ್ ಅಳೆದು ಬರೆದುಕೊಟ್ಟ ಮೇಲೆ ಬಿಲ್ ಪಾಸ್ ಮಾಡಿ. ಪ್ರಾಂಶುಪಾಲರು ನಿಮ್ಮ ನಿಮ್ಮ ಮೇಷ್ಟ್ರುಗಳ ಕೈಲಿ ಒಂದು ಪುಟ ಕನ್ನಡದಲ್ಲಿ ಬರೆಸಿ, ಚಿತ್ರ ಹಾಕಿಸಿ, ಲ್ಯಾಮಿನೇಟ್ ಮಾಡಿಸಿ ಪ್ರತಿ ಆರ್‌ಪಿಎಸ್ ಪಕ್ಕ ಅಂಟಿಸಿ. ಬರೆಯುವವರು ಸಿಗದಿದ್ದರೆ ನಾನು ಬರೆದುಕೊಡುತ್ತೇನೆ, ಚಿತ್ರ ಬರೆಯಲು ಗುಬ್ಬಿಯ ಆ ಹುಡುಗ ಒಪ್ಪಿದ್ದಾನೆ. ಅರ್ಥ್ ಟೆಸ್ಟರ್ ನನ್ನ ಹತ್ತಿರ ಇದೆ. ಯಾವ ಭಾನುವಾರ ಕರೆದರೂ ಬರುತ್ತೇನೆ, ಅಳತೆಗೆ ದುಡ್ಡು ಬೇಡ.

ಹೋದ ತಿಂಗಳು ಮತ್ತೆ ಕುಣಿಗಲ್ಲಿನ ಆ ಲ್ಯಾಬಿಗೆ ಹೋಗಿದ್ದೆ. ನಾಲ್ಕನೇ ಟೇಬಲ್ಲು ಸರಿಯಾಗಿದೆ. ಐದು ಮತ್ತು ಆರರ ಮೇಲೆ ನಾನು ಅಂಟಿಸಿದ್ದ ಚೀಟಿ ಇರಲಿಲ್ಲ. ಎರಡೂ ಆರ್‌ಪಿಎಸ್ ಆನ್ ಆಗಿದ್ದವು, ಹೊಸ ಬ್ಯಾಚಿನ ಎಂಟು ಮಕ್ಕಳು ಸುತ್ತ ಕೂತಿದ್ದರು. ಎಲ್ಲರೂ ಚಪ್ಪಲಿ ಹಾಕಿಕೊಂಡಿದ್ದರು.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಲ್ಯಾಬ್ ಉಪಕರಣ ರಿಪೇರಿಗಾರ
ತುಮಕೂರು